ಕ್ವಿಂಟಲ್ ಹತ್ತಿಯಲ್ಲಿ ಹಿಗ್ಸ್ ಪಾಲೆಷ್ಟು?

ರಾಯಚೂರಿನ ಹತ್ತಿ ಮಾರುಕಟ್ಟೆ ಕಂಡವರಿಗೆ ‘ಸೂಟು’ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕಾಟಾ ಮೇಲೆ ಕ್ವಿಂಟಲ್ ತೂಗಿದ ಹತ್ತಿಯಲ್ಲಿ ತೇವ, ಕಸ ಅಂತ ನೆಪ ಹೇಳಿ ಒಂದೆರಡು ಕಿಲೋ ಮುರಿದುಕೊಳ್ಳುವುದು. ನಮ್ಮಪ್ಪ ಅದಕ್ಕಾಗಿ ಜಗಳ ತೆಗೆಯದ ವರ್ಷವಿಲ್ಲ. ಆ ಕ್ವಿಂಟಲ್ಲಿನಲ್ಲಿ, ಜಗತ್ತಿನ ತುಂಬ ಹರಡಿಕೊಂಡು ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರದ ಪಾಲೂ ಹೆಚ್ಚುಕಡಿಮೆ ಸೂಟಿನಷ್ಟೇ: ಒಂದು ಕಿಲೋ ಚಿಲ್ಲರೆ.

ನಂಬಲಿಕ್ಕೆ ಕಷ್ಟ, ಗೊತ್ತು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಆ ಕ್ಷೇತ್ರದ ಕುರುಹಾದ ಹಿಗ್ಸ್ ಬೋಸಾನ್ ಎಂಬ ಹೊಸ ಕಣದ ಸುದ್ದಿ ಕೊಟ್ಟಾಗಿನಿಂದ ‘ಎಲ್ಲದಕ್ಕೂ ತೂಕ ಕೊಡುವ ದೇವಕಣ’ ಎಂಬ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಕಣಕಣದಲ್ಲೂ ದೇವರಿದ್ದಾನೆಂದು ವಿಜ್ಞಾನಿಗಳೇ ಒಪ್ಪಿದರಲ್ಲ ಎಂದು ಪ್ರವಚನದಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ದೇವಕಣವೆಂಬ ಆ ಹೆಸರು ಭೌತವಿಜ್ಞಾನಿ ಲಿಯಾನ್ ಲೆಡರ್‌ಮನ್ 1993ರಲ್ಲಿ ತಮ್ಮ ಪುಸ್ತಕಕ್ಕೆ ಇಟ್ಟದ್ದು. ಕಣಕ್ಕೆ ಹೆಸರಾದ ವಿಜ್ಞಾನಿ ಪೀಟರ್ ಹಿಗ್ಸ್ ಅವರಿಗೇ ಅದು ಹಿಡಿಸಿರಲಿಲ್ಲ. ಹೆಮ್ಮೆಪಡಲೇಬೇಕೆಂದರೆ ‘ಬೋಸಾನ್’ ಎಂಬ ಪದ ಇದೆಯಲ್ಲ, ಅದು ನಮ್ಮ ಸತ್ಯೇಂದ್ರನಾಥ ಬೋಸರ ಹೆಸರಿನಿಂದ ಬಂದದ್ದು.

ಲೆಕ್ಕ ಸುಲಭ. ಹತ್ತಿಯ ತೂಕವೆಲ್ಲ ಹೆಚ್ಚುಕಡಿಮೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳದ್ದು. ಕಣಗಳನ್ನು ತೂಗುವ ಮಾನದಲ್ಲಿ ಪ್ರೋಟಾನಿನ ದ್ರವ್ಯರಾಶಿ 938 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್. ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಕಿರಿಯ ಕಣಗಳು: ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಹಿಗ್ಸ್ ಕ್ಷೇತ್ರದಿಂದ ಅವಕ್ಕೆ ಬಂದ ಸ್ವಂತ ದ್ರವ್ಯರಾಶಿ ಕೂಡಿಸಿದರೆ ಅದೇ ಮಾನದಲ್ಲಿ 9ರ ಆಸುಪಾಸು. ನೂರಕ್ಕೆ ಒಂದು! ಅವನ್ನು ಅಂಟಿಸಿ ಹಿಡಿದ ಗ್ಲುಆನ್‌ಗಳಿಗಂತೂ ದ್ರವ್ಯರಾಶಿಯೇ ಇಲ್ಲ. ಹಾಗಾದರೆ ಉಳಿದ ತೊಂಬತ್ತೊಂಬತ್ತು ಕಿಲೋ?

ಶಕ್ತಿ. ಬರೀ ಕೂಡಿಹಾಕಿದ ಶಕ್ತಿ. ಹೋರಿಯನ್ನು ಉದ್ದ ಹಗ್ಗದಲ್ಲಿ ಕಟ್ಟಿದರೆ ತನ್ನ ಪಾಡಿಗೆ ಮೇಯುತ್ತದೆ. ಗೂಟದ ಬುಡಕ್ಕೇ ಬಿಗಿದರೆ ಕುಣಿದಾಡಿ ಗೂಟವನ್ನೇ ಅಲ್ಲಾಡಿಸುತ್ತದೆ. ಕ್ವಾಂಟಮ್ ಲೋಕದಲ್ಲೂ ಕಣವನ್ನು ಇಕ್ಕಟ್ಟಿನಲ್ಲಿ ಹಾಕಿದಷ್ಟೂ ಅದರ ಓಡಾಟ ಜೋರು. ಮೀಟರಿನ ಕೋಟಿ ಕೋಟಿ ಪಾಲಿಗಿಂತಲೂ ಚಿಕ್ಕ ಜಾಗದಲ್ಲಿ ಸಿಕ್ಕಿಬಿದ್ದ ಕ್ವಾರ್ಕ್‌ಗಳು ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುತ್ತವೆ. ತಪ್ಪಿಸಿಕೊಂಡು ದೂರ ಹೋಗೋಣವೆಂದರೆ ನಡುವಿನ ಸೆಳೆತ ರಬ್ಬರಿನಂತೆ ಬಿಗಿಯುತ್ತದೆ. ಜಿನ್ನಿಂಗ್ ಫ್ಯಾಕ್ಟರಿಯ ಪಕ್ಕದಲ್ಲಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವುದನ್ನು ನೋಡಿದ್ದೀರಲ್ಲ? ಪಟ್ಟಿ ಕತ್ತರಿಸಿದರೆ ಸಾಕು, ಉಬ್ಬಿ ಹೊರಬರುತ್ತದೆ. ಒಳಗೆ ಅದುಮಿಟ್ಟ ಆ ಶಕ್ತಿಗೂ ತೂಕವಿದೆ, ಯಾವ ಕಾಟಾಕ್ಕೂ ಸಿಗದಷ್ಟು ಸಣ್ಣದು ಅಷ್ಟೇ. ಪ್ರೋಟಾನ್ ಎಂಬ ಬೇಲಿನಲ್ಲಿ ಮಾತ್ರ ಹತ್ತಿಗಿಂತ ಬಿಗಿತವೇ ಭಾರ.

ಶಕ್ತಿ ತುಂಬಿದ ವಸ್ತುವಿನ ಜಡತ್ವ, ಅಂದರೆ ದ್ರವ್ಯರಾಶಿ, ಹೆಚ್ಚುತ್ತದೆಯೇ ಎಂದು ಐನ್‌ಸ್ಟೈನ್ ಕೇಳಿ ಹೌದೆಂದು ತೋರಿಸಿದ್ದು 1905ರಲ್ಲಿ, ಮೂರೇ ಪುಟದ ಬರಹದಲ್ಲಿ. ಈ ಕ್ವಾರ್ಕ್ ಸೆಳೆತದ ವಿಚಿತ್ರ ಗುಣವನ್ನು ಭೌತವಿಜ್ಞಾನಿಗಳಾದ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ಬಿಡಿಸಿದ್ದು 1973ರಲ್ಲಿ. ನೊಬೆಲ್ ಬಂದದ್ದು 2004ರಲ್ಲಿ. 2008ರಲ್ಲಿ ಸೂಪರ್‌ಕಂಪ್ಯೂಟರ್‌ಗಳು ಪ್ರೋಟಾನಿನ ದ್ರವ್ಯರಾಶಿಯನ್ನು ಈ ಸಿದ್ಧಾಂತದಿಂದಲೇ ಲೆಕ್ಕ ಹಾಕಿ ತೋರಿಸಿದವು. ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು.

ಹಾಗಂತ ಹಿಗ್ಸ್ ಪಾಲಿನ ಒಂದು ಕಿಲೋವನ್ನು ಸೂಟು ಮುರಿದು ಎಸೆಯುವ ಹಾಗಿಲ್ಲ. ಪ್ರೋಟಾನಿನ 1836ನೇ ಒಂದು ಭಾಗದಷ್ಟೇ ಇರುವ ಎಲೆಕ್ಟ್ರಾನ್ ತನ್ನ ದ್ರವ್ಯರಾಶಿಗೆ ನಂಬಿಕೊಂಡಿರುವುದು ಹಿಗ್ಸ್ ಕ್ಷೇತ್ರವನ್ನೇ. ಎಲೆಕ್ಟ್ರಾನಿನ ದ್ರವ್ಯರಾಶಿ ಅರ್ಧಕ್ಕಿಳಿದರೆ ಪರಮಾಣು ಎರಡರಷ್ಟು ಅಗಲವಾಗುತ್ತದೆ. ಸೊನ್ನೆಗಿಳಿದರೆ ಎಲೆಕ್ಟ್ರಾನ್ ಯಾವ ನ್ಯೂಕ್ಲಿಯಸ್ಸಿನ ಸುತ್ತಲೂ ನಿಲ್ಲುವುದಿಲ್ಲ; ಆಗ ಹತ್ತಿಯೂ ಇಲ್ಲ, ತೂಗುವ ಕಾಟಾವೂ ಇಲ್ಲ.