ಎಂಸಿ ಕಾರ್ಟ್ರಿಜ್‌ಗೆ ಎಷ್ಟು ಓಮ್ ಲೋಡ್? 47 ಕಿಲೋ ಓಮ್ 470 ಆಗುವುದು ಹೇಗೆ?

ಟರ್ನ್‌ಟೇಬಲ್‌ಗೆ ಮೂವಿಂಗ್ ಕಾಯಿಲ್ (ಎಂಸಿ) ಕಾರ್ಟ್ರಿಜ್, ಅಂದರೆ ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ, ಹಾಕಿದವರೆಲ್ಲ ಕೇಳುವ ಪ್ರಶ್ನೆ ಇದು: ಲೋಡ್ ಎಷ್ಟು ಇಡಬೇಕು? ಲೋಡ್ ಅಂದರೆ ಫೋನೊ ಸ್ಟೇಜ್‌ನ (ಆ ಸಣ್ಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಇನ್‌ಪುಟ್‌ನಲ್ಲಿ ಕಾರ್ಟ್ರಿಜ್‌ಗೆ ಕಾಣುವ ರೆಸಿಸ್ಟೆನ್ಸ್. ಕೆಲವರು 100 ಓಮ್ ಅಂತಾರೆ, ಕೆಲವರು 1000 ಅಂತಾರೆ, ಸುಮ್ನೆ 47 ಕಿಲೋ ಓಮ್‌ನಲ್ಲೇ ಬಿಡಿ ಅನ್ನುವವರೂ ಇದ್ದಾರೆ. ಈ ಲೆಕ್ಕ ಈಗಷ್ಟೇ ತಲೆಗೆ ಹತ್ತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಓಮ್ ನಿಯಮ ಗೊತ್ತಿದ್ದರೆ ಸಾಕು. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ನಲ್ಲಿ ಸೂಜಿಯ ಜೊತೆ ಅಲುಗುವುದು ಅಯಸ್ಕಾಂತ, ಎಂಸಿಯಲ್ಲಿ ಕಾಯಿಲ್. ಸದ್ಯಕ್ಕೆ ಇಷ್ಟು ವ್ಯತ್ಯಾಸ ಗೊತ್ತಿದ್ದರೆ ಸಾಕು.

ಉದಾಹರಣೆಗೆ ಡೆನಾನ್ ಡಿಎಲ್-103 ಇಟ್ಟುಕೊಳ್ಳೋಣ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ 1960ರ ದಶಕದಲ್ಲಿ ತಯಾರಾದ ಕಾರ್ಟ್ರಿಜ್ ಇದು. ಔಟ್‌ಪುಟ್ 0.3 ಮಿಲಿವೋಲ್ಟ್, ಕಾಯಿಲ್ 40 ಓಮ್.

ವೋಲ್ಟೇಜ್ ಹಂಚಿಕೆ

ಕಾಯಿಲ್‌ನ 40 ಓಮ್ ಮತ್ತು ಲೋಡ್ ಸೇರಿ ವೋಲ್ಟೇಜ್ ಹಂಚಿಕೊಳ್ಳುತ್ತವೆ. ಲೋಡ್ 100 ಓಮ್ ಇದ್ದರೆ ನಮಗೆ ಸಿಗುವುದು 140ರಲ್ಲಿ 100 ಪಾಲು. ಅಂದರೆ 2.9 ಡೆಸಿಬೆಲ್ ನಷ್ಟ. 1000 ಓಮ್ ಇದ್ದರೆ ನಷ್ಟ ಬರೀ 0.34 ಡೆಸಿಬೆಲ್. ಲೋಡ್ ಕಾಯಿಲ್‌ನ ಹತ್ತು ಪಟ್ಟು ಇರಲಿ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ. ಆಗ ನಷ್ಟ 1 ಡೆಸಿಬೆಲ್ ಕೂಡ ಆಗುವುದಿಲ್ಲ.

ಎರಡು ಲೋಡ್ ಹೋಲಿಸಿ ಕೇಳುವಾಗ ಇದು ನೆನಪಿರಲಿ. 100ರಿಂದ 1000ಕ್ಕೆ ಹೋದರೆ ಸದ್ದೇ 2.6 ಡೆಸಿಬೆಲ್ ಜಾಸ್ತಿ ಆಗುತ್ತದೆ. ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ವಾಲ್ಯೂಮ್ ಸರಿಹೊಂದಿಸದೆ ಕೊಟ್ಟ ತೀರ್ಪನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಟ್ರೆಬಲ್ ಕಡಿಮೆ ಆಗುತ್ತದಾ?

ಎಂಎಂನಲ್ಲಿ ಹೌದು, ಲೋಡ್ ಬದಲಿಸಿದರೆ ಟ್ರೆಬಲ್ ಬದಲಾಗುತ್ತದೆ. ಅದರ ಕಾಯಿಲ್‌ನ ಇಂಡಕ್ಟೆನ್ಸ್ (ಕರೆಂಟ್ ಬದಲಾವಣೆಗೆ ಕಾಯಿಲ್ ಒಡ್ಡುವ ತಡೆ) ದೊಡ್ಡದು. ಅರ್ಧ ಹೆನ್ರಿ ಅಂತಿಟ್ಟುಕೊಳ್ಳಿ. ಕೇಬಲ್ ಕೆಪಾಸಿಟೆನ್ಸ್ 200 ಪಿಕೋಫ್ಯಾರಡ್ ಇದ್ದರೆ ಎರಡೂ ಸೇರಿ ರೆಸೊನೆನ್ಸ್ (ಒಂದು ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಉಬ್ಬುವುದು) ಆಗುವುದು 15.9 ಕಿಲೋಹರ್ಟ್ಸ್‌ನಲ್ಲಿ. ಕಿವಿಗೆ ಕೇಳುವ ವ್ಯಾಪ್ತಿಯ ಒಳಗೇ ಇದೆ, ಅಲ್ವಾ?

ಎಂಸಿಯಲ್ಲಿ ಇಂಡಕ್ಟೆನ್ಸ್ ಮೈಕ್ರೋಹೆನ್ರಿಗಳಲ್ಲಿ ಇರುತ್ತದೆ. ಲೆಕ್ಕಕ್ಕೆ 50 ಅಂತ ಹಿಡಿಯೋಣ. ಅದೇ ಕೇಬಲ್ ಜೊತೆ ರೆಸೊನೆನ್ಸ್ 1.59 ಮೆಗಾಹರ್ಟ್ಸ್‌ಗೆ ಹೋಗುತ್ತದೆ. ಅದು ಮೀಡಿಯಂ ವೇವ್ ರೇಡಿಯೋ ಪಟ್ಟಿಯ ಮೇಲ್ತುದಿ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗಿಂತಲೂ ಎಷ್ಟೋ ಮೇಲೆ. 100 ಓಮ್ ಲೋಡ್ ಇಟ್ಟರೂ ಟ್ರೆಬಲ್ ಇಳಿಯಲು ಶುರುವಾಗುವುದು ಸುಮಾರು 445 ಕಿಲೋಹರ್ಟ್ಸ್‌ನಲ್ಲಿ.

ಹಾಗಿದ್ದರೆ ಲೋಡ್ ಬದಲಿಸಿದಾಗ ಧ್ವನಿ ಯಾಕೆ ಬೇರೆ ಕೇಳುತ್ತದೆ? 47 ಕಿಲೋ ಓಮ್‌ನಲ್ಲಿ ಆ ರೆಸೊನೆನ್ಸ್‌ಗೆ ಹಿಡಿತವೇ ಇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅಲ್ಲಿ ಸುಮಾರು 11 ಪಟ್ಟು, ಅಂದರೆ 20 ಡೆಸಿಬೆಲ್ ದಾಟಿದ ಗುಡ್ಡ ಏಳುತ್ತದೆ. ಅದು ನಮಗೆ ಕೇಳುವುದಿಲ್ಲ. ಆದರೆ ಫೋನೊ ಸ್ಟೇಜ್‌ನ ಮೊದಲ ಹಂತಕ್ಕೆ ಅದು ಸಿಗುತ್ತದೆ. ಆ ಹಂತ ಅದನ್ನು ತಡೆದುಕೊಳ್ಳಲಾಗದೆ ತಡವರಿಸಿದರೆ, ಕೇಳುವ ಭಾಗದಲ್ಲೂ ಒರಟುತನ ಬರುತ್ತದೆ. ಲೋಡ್ 500 ಓಮ್‌ಗೆ ಇಳಿಸಿದರೆ ಆ ಗುಡ್ಡ ಹೆಚ್ಚುಕಡಿಮೆ ಸಪಾಟಾಗುತ್ತದೆ. ಹಾಗಾಗಿ ಒಂದೇ ಕಾರ್ಟ್ರಿಜ್‌ಗೆ ಒಬ್ಬರ ಮನೆಯಲ್ಲಿ 100 ಓಮ್ ಚೆನ್ನ, ಇನ್ನೊಬ್ಬರ ಮನೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಎರಡೂ ನಿಜ. ಫೋನೊ ಸ್ಟೇಜ್ ಬೇರೆ, ಅಷ್ಟೇ.

ಲೋಡ್ ಕಡಿಮೆ ಇದ್ದಷ್ಟು ಕಾಯಿಲ್‌ನಲ್ಲಿ ಕರೆಂಟ್ ಜಾಸ್ತಿ ಹರಿದು, ಕಾಯಿಲ್ ಅಲುಗಾಟಕ್ಕೆ ಸ್ವಲ್ಪ ಬ್ರೇಕ್ ಬೀಳುತ್ತದೆ. ಲೆನ್ಜ್ ನಿಯಮ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಬಂದಾಗ

ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ನನಗೂ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ. ಫೋನೊ ಸ್ಟೇಜ್‌ನ ಎಂಎಂ ಇನ್‌ಪುಟ್ 47 ಕಿಲೋ ಓಮ್. ನಡುವೆ 1:10 ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇದೆ. ಕಾರ್ಟ್ರಿಜ್‌ಗೆ ಕಾಣುವ ಲೋಡ್ ಎಷ್ಟು? 4700 ಅಲ್ಲ, 470. ಹತ್ತರಿಂದ ಭಾಗಿಸಿದರೆ ಸಾಲದು, ನೂರರಿಂದ ಭಾಗಿಸಬೇಕು.

ಯಾಕೆ ಅಂತ ನಿಧಾನವಾಗಿ ನೋಡೋಣ. ಪ್ರೈಮರಿಗೆ (ಕಾರ್ಟ್ರಿಜ್ ಕಡೆಯ ಸುತ್ತು) 1 ಮಿಲಿವೋಲ್ಟ್ ಕೊಟ್ಟರೆ ಸೆಕೆಂಡರಿಯಲ್ಲಿ (ಫೋನೊ ಸ್ಟೇಜ್ ಕಡೆಯ ಸುತ್ತು) 10 ಮಿಲಿವೋಲ್ಟ್. ಅದು 47,000 ಓಮ್‌ಗೆ ಹೋದಾಗ ಕರೆಂಟ್ ಸುಮಾರು 0.213 ಮೈಕ್ರೋಆಂಪ್. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ತಾನೇ ಹುಟ್ಟಿಸುವುದಿಲ್ಲ. ವೋಲ್ಟೇಜ್ ಹತ್ತು ಪಟ್ಟು ಏರಿದೆ ಅಂದರೆ, ಪ್ರೈಮರಿ ಕಡೆ ಕರೆಂಟ್ ಹತ್ತು ಪಟ್ಟು ಇರಲೇಬೇಕು. ಅಂದರೆ 2.13 ಮೈಕ್ರೋಆಂಪ್. ಈಗ ಕಾರ್ಟ್ರಿಜ್ ಕಡೆ ನಿಂತು ನೋಡಿ: 1 ಮಿಲಿವೋಲ್ಟ್ ಕೊಟ್ಟೆ, 2.13 ಮೈಕ್ರೋಆಂಪ್ ಎಳೆದುಕೊಂಡಿತು. ಭಾಗಿಸಿದರೆ 470 ಓಮ್. ವೋಲ್ಟೇಜ್‌ನಿಂದ ಒಂದು ಹತ್ತು, ಕರೆಂಟ್‌ನಿಂದ ಇನ್ನೊಂದು ಹತ್ತು. ಎರಡೂ ಗುಣಿಸಿ ನೂರು. ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಈ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿ, ಮತ್ತೆ ಮರೆಯುವುದಿಲ್ಲ.

ಇದೇ ದಾರಿಯಲ್ಲಿ 1:20ಕ್ಕೆ 117.5 ಓಮ್, 1:30ಕ್ಕೆ ಸುಮಾರು 52 ಓಮ್. ಈಗ ಡಿಎಲ್-103 ಹಾಕಿ ನೋಡಿ. 1:10ರಲ್ಲಿ ಕೈಗೆ ಸಿಗುವುದು 2.76 ಮಿಲಿವೋಲ್ಟ್. 1:20ರಲ್ಲಿ 4.48. 1:30ರಲ್ಲಿ 9 ಬರಬೇಕಿತ್ತು, ಸಿಗುವುದು 5.1 ಮಾತ್ರ. ಸುಮಾರು 1:34ಕ್ಕೆ ಲೋಡ್ ಕಾಯಿಲ್‌ಗೆ ಸಮ ಆಗುತ್ತದೆ. ಅಲ್ಲಿಂದ ಮೇಲೆ ಸುತ್ತು ಹೆಚ್ಚಿಸಿದರೆ ಔಟ್‌ಪುಟ್ ಇಳಿಯುತ್ತದೆ! ಈ ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಒಂದು ಎಚ್ಚರಿಕೆ. ಟ್ರಾನ್ಸ್‌ಫಾರ್ಮರ್ ಆದ ಮೇಲೆ ಫೋನೊ ಸ್ಟೇಜ್‌ನ 100 ಓಮ್ ಎಂಸಿ ಇನ್‌ಪುಟ್‌ಗೆ ಕೊಡಬೇಡಿ. 1:10ರಲ್ಲಿ ಕಾರ್ಟ್ರಿಜ್‌ಗೆ 1 ಓಮ್ ಕಾಣುತ್ತದೆ, ಧ್ವನಿ ಸತ್ತೇಹೋಗುತ್ತದೆ. ಎಂಎಂ ಇನ್‌ಪುಟ್‌ಗೇ ಕೊಡಿ.

ರೆಸಿಸ್ಟರ್ ಆರಿಸುವುದು

ಟ್ರಾನ್ಸ್‌ಫಾರ್ಮರ್ ಇಲ್ಲದೆ 47 ಕಿಲೋ ಓಮ್ ಇನ್‌ಪುಟ್‌ಗೆ 100 ಓಮ್ ಸಮಾಂತರವಾಗಿ ಹಾಕಿದರೆ ಒಟ್ಟು 99.8. ಲೆಕ್ಕವೇ ಬೇಡ. 1:10 ಟ್ರಾನ್ಸ್‌ಫಾರ್ಮರ್ ಇದ್ದು ಕಾರ್ಟ್ರಿಜ್‌ಗೆ 100 ಕಾಣಬೇಕಾದರೆ ಪ್ರೈಮರಿ ಕಡೆ 127 ಓಮ್, ಇಲ್ಲವೇ ಸೆಕೆಂಡರಿ ಕಡೆ 12.7 ಕಿಲೋ ಓಮ್ ಹಾಕಿ. ಇಲ್ಲೂ ಅದೇ ನೂರು ಪಟ್ಟು. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 127 ಸಿಗದಿದ್ದರೆ 120 ತನ್ನಿ. ಒಟ್ಟು 95.6 ಆಗುತ್ತದೆ, ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೆಟಲ್ ಫಿಲ್ಮ್, 1 ಪರ್ಸೆಂಟ್ ಅಂತ ಕೇಳಿ. ಎಡ ಬಲಕ್ಕೆ ಮೀಟರ್‌ನಲ್ಲಿ ಅಳೆದು, ಒಂದಕ್ಕೊಂದು ಹೊಂದುವ ಜೋಡಿ ಆರಿಸಿಕೊಳ್ಳಿ.