ಶೋನಲ್ಲಿ ಕಂಡ ಸೂಪರ್‌ಕಾರು ರಸ್ತೆಗೆ ಯಾಕೆ ಹಾಗೇ ಬರೋದಿಲ್ಲ?

ಪ್ರಶ್ನೆ: ಮೋಟಾರ್ ಶೋಗಳಲ್ಲಿ ತೋರಿಸುವ ಕಾನ್ಸೆಪ್ಟ್ ಸೂಪರ್‌ಕಾರುಗಳನ್ನು, ಅಂದರೆ ಮುಂದೆ ಹೀಗೊಂದು ಕಾರು ಬರಬಹುದು ಅಂತ ಮಾಡಿಟ್ಟ ಮಾದರಿಗಳನ್ನು, ನೋಡಿದರೆ ಕಣ್ಣು ಕೀಳೋಕಾಗೋದಿಲ್ಲ. ನಾಲ್ಕೈದು ವರ್ಷ ಕಾದ ಮೇಲೆ ಮಾರಾಟಕ್ಕೆ ಬರುವುದು ಬೇರೆಯದೇ ಕಾರು. ಎಷ್ಟೋ ಸಲ ಬರುವುದೇ ಇಲ್ಲ. ಮೊದಲು ತೋರಿಸಿದ್ದನ್ನೇ ಮಾಡೋಕೆ ಇವರಿಗೆ ಆಗೋದಿಲ್ವಾ? ಇಲ್ಲಾ ಸುಮ್ನೆ ಅಂಗೈಯಲ್ಲಿ ಆಕಾಶ ತೋರಿಸ್ತಾರಾ?

ಉತ್ತರ: ಆಕಾಶ ತೋರಿಸುವವರೂ ಇದ್ದಾರೆ. ಆದರೆ ಹೆಚ್ಚಿನ ಸಲ ಕಾರನ್ನು ಬದಲಾಯಿಸುವುದು ಮೋಸವಲ್ಲ, ಬಿಸಿ ಮತ್ತು ಗಾಳಿ. ಆಮೇಲೆ ಕಾನೂನು. ವೇಗದ ಕಾರಿನ ಮುಖ ಕೊನೆಗೆ ಹೇಗಿರಬೇಕು ಅಂತ ಡಿಸೈನರ್ ಒಬ್ಬನೇ ತೀರ್ಮಾನಿಸೋದಿಲ್ಲ. ರೇಡಿಯೇಟರ್ ಎಲ್ಲಿ ಕೂರಿಸಲಿ ಎಂದು ತಲೆ ಕೆಡಿಸಿಕೊಂಡಿರುವ ಎಂಜಿನಿಯರ್ ಮಾತು ಅವನ ಮಾತಿಗಿಂತ ಜಾಸ್ತಿ ನಡೆಯುತ್ತದೆ.

ಶೋನಲ್ಲಿ ತಿರುಗುವ ವೇದಿಕೆಯ ಮೇಲೆ ನಿಂತಿರುವುದು ಎಷ್ಟೋ ಸಲ ಕಾರೇ ಅಲ್ಲ. ಫೋಮ್ ಕೆತ್ತಿ, ಮೇಲೆ ಫೈಬರ್ ಹಚ್ಚಿ, ಬಣ್ಣ ಹೊಡೆದ ಪೂರ್ಣ ಗಾತ್ರದ ಮಾದರಿ. ಒಳಗೆ ಒಂದು ಸಣ್ಣ ಎಲೆಕ್ಟ್ರಿಕ್ ಮೋಟಾರ್ ಇರಬಹುದು, ವೇದಿಕೆವರೆಗೆ ನಡಿಗೆಯ ವೇಗದಲ್ಲಿ ಬರೋಕೆ ಅಷ್ಟು ಸಾಕು. ಚಕ್ರಗಳು ಮೇಲಿನ ಕಮಾನಿಗೆ ಅಂಟಿಕೊಂಡ ಹಾಗೆ ಇರುತ್ತವೆ, ಯಾಕೆಂದರೆ ಅವು ಯಾವ ಗುಂಡಿಗೂ ಇಳಿಯಬೇಕಿಲ್ಲ. ನಿಜವಾಗಿ ಓಡುವ ಕಾನ್ಸೆಪ್ಟ್‌ಗಳೂ ಇವೆ, ಇಲ್ಲ ಅಂತಲ್ಲ. ಮೊದಲ ಕಾನ್ಸೆಪ್ಟ್ ಕಾರು ಎಂದು ಸಾಮಾನ್ಯವಾಗಿ ಹೇಳುವುದು 1938ರ ಬ್ಯೂಕ್ ವೈ-ಜಾಬ್ ಅನ್ನು. ಮುಚ್ಚಿಕೊಳ್ಳುವ ಹೆಡ್‌ಲೈಟು, ಗುಂಡಿ ಒತ್ತಿದರೆ ಇಳಿಯುವ ಕಿಟಕಿ ಆಗಲೇ ಅದರಲ್ಲಿದ್ದವು. ಜನರಲ್ ಮೋಟಾರ್ಸ್‌ನ ಡಿಸೈನ್ ಮುಖ್ಯಸ್ಥ ಹಾರ್ಲಿ ಅರ್ಲ್ ಅದನ್ನು ವರ್ಷಗಟ್ಟಲೆ ತಮ್ಮ ಸ್ವಂತ ಓಡಾಟಕ್ಕೇ ಬಳಸಿದರು.

ಬಿಸಿ ಏನು ಮಾಡುತ್ತದೆ ಅನ್ನೋದಕ್ಕೆ ಲ್ಯಾಂಬೋರ್ಗಿನಿ ಕೌಂಟಾಷ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1971ರ ಜಿನೀವಾ ಶೋನಲ್ಲಿ ಎಲ್‌ಪಿ500 ಎಂಬ ಹಳದಿ ಕಾರು ನಿಂತಿತ್ತು. ಬೆರ್ಟೋನೆ ಸಂಸ್ಥೆಯಲ್ಲಿ ಮಾರ್ಸೆಲೊ ಗಾಂಡಿನಿ ಅದನ್ನು ಚಿತ್ರಿಸಿದ್ದರು. ಮೂಗಿನ ತುದಿಯಿಂದ ಚಾವಣಿವರೆಗೆ ಹೆಚ್ಚುಕಡಿಮೆ ಒಂದೇ ಗೆರೆ. ಚಾಲಕನ ಬೆನ್ನ ಹಿಂದೆ 5 ಲೀಟರಿನ ವಿ12, ಅಂದರೆ 12 ಸಿಲಿಂಡರ್‌ಗಳ ಎಂಜಿನ್. ಅದಕ್ಕೆ ಗಾಳಿ ಹೋಗಲು ಪಕ್ಕದಲ್ಲಿ ಅಂದವಾಗಿ ಕೊರೆದ ಸಣ್ಣ ಸೀಳುಗಳು. ಶೋನಲ್ಲಿ ಎಲ್ಲ ಚೆನ್ನಾಗಿತ್ತು. ಆಮೇಲೆ ಕಂಪನಿಯ ಟೆಸ್ಟ್ ಚಾಲಕ ಬಾಬ್ ವಾಲೇಸ್ ಅದನ್ನು ರಸ್ತೆಗೆ ತಂದು ಜೋರಾಗಿ ಓಡಿಸಿದಾಗ ಎಂಜಿನ್ ಕಾದುಹೋಗತೊಡಗಿತು. ಆ ಸೀಳುಗಳಿಂದ ಒಳಗೆ ಹೋಗುವ ಗಾಳಿ ಎಲ್ಲಿಗೂ ಸಾಲುತ್ತಿರಲಿಲ್ಲ.

ಪರಿಹಾರಕ್ಕೆ ಉಪಾಯವೇನೂ ಬೇಕಿರಲಿಲ್ಲ, ತೂತು ಬೇಕಿತ್ತು. ಬಾಗಿಲಿನಿಂದ ಹಿಂದಿನ ಚಕ್ರದ ಕಡೆಗೆ ಹೋಗುವ ದೊಡ್ಡ ತ್ರಿಕೋನದ ತಗ್ಗು ಬಂತು. ಹಿಂಬದಿ ಭುಜಗಳ ಮೇಲೆ ಎರಡು ಡಬ್ಬಗಳಂಥ ಗಾಳಿಬಾಯಿಗಳು ಎದ್ದು ನಿಂತವು. 5 ಲೀಟರಿನ ಎಂಜಿನ್ ನಂಬುವ ಹಾಗಿರಲಿಲ್ಲ, ಅದರ ಜಾಗಕ್ಕೆ 3.9 ಲೀಟರಿನದು ಬಂತು. ಚಾಸಿಯನ್ನೂ ಬದಲಾಯಿಸಿ ಉಕ್ಕಿನ ಕೊಳವೆಗಳ ಚೌಕಟ್ಟು ಮಾಡಿದರು. 1974ರಲ್ಲಿ ಮಾರಾಟಕ್ಕೆ ಬಂದ ಎಲ್‌ಪಿ400 ಹೀಗೆ ಹುಟ್ಟಿತು. ಇವತ್ತು ಕೌಂಟಾಷ್ ಅಂದ ಕೂಡಲೇ ನೆನಪಿಗೆ ಬರುವುದು ಆ ಡಬ್ಬಗಳೇ ಅಲ್ವಾ? ಅವು ಗಾಂಡಿನಿಯ ಮೊದಲ ಚಿತ್ರದಲ್ಲಿ ಇರಲೇ ಇಲ್ಲ. ನನ್ನ ಕಣ್ಣಿಗಂತೂ ರಸ್ತೆಯ ಕಾರೇ ಶೋ ಕಾರಿಗಿಂತ ಚೆಂದ. ಮೊದಲನೆಯ ಹಳದಿ ಕಾರನ್ನು 1974ರಲ್ಲಿ ಇಂಗ್ಲೆಂಡಿಗೆ ಕಳಿಸಿ ಡಿಕ್ಕಿ ಪರೀಕ್ಷೆಯಲ್ಲಿ ಜಜ್ಜಿಬಿಟ್ಟರು. ಆಗ ಅದೊಂದು ಹಳೇ ಮಾದರಿ ಮಾತ್ರ, ಯಾರಿಗೂ ಬೇಕಿರಲಿಲ್ಲ. ಒಬ್ಬ ಗಿರಾಕಿಯ ಆಸೆಗಾಗಿ ಅದನ್ನೇ ಮತ್ತೆ ಕಟ್ಟಿ 2021ರಲ್ಲಿ ತೋರಿಸಿದಾಗ, 25,000 ಗಂಟೆಗೂ ಜಾಸ್ತಿ ಕೆಲಸ ಹಿಡಿಯಿತು ಎಂದು ಕಂಪನಿ ಹೇಳಿಕೊಂಡಿತು.

ಬಿಸಿಯ ಸಮಸ್ಯೆ ಇಷ್ಟು ದೊಡ್ಡದಾಗಲು ಕಾರಣ ಸರಳ ಲೆಕ್ಕ. ವೇಗ ಎರಡು ಪಟ್ಟಾದರೆ ಗಾಳಿ ಹಿಂದಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 200 ಕಿ.ಮೀ. ಓಡುವ ಕಾರನ್ನು 400ಕ್ಕೆ ಏರಿಸಬೇಕಾದರೆ ಎಂಜಿನ್ ಎರಡು ಪಟ್ಟು ದೊಡ್ಡದಾದರೆ ಏನೂ ಸಾಲದು. ಇನ್ನೊಂದು ಕಡೆ, ಪೆಟ್ರೋಲ್ ಎಂಜಿನ್ ಸುಡುವ ಇಂಧನದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಸಿಗುತ್ತದೆ. ಉಳಿದದ್ದೆಲ್ಲ ಶಾಖ. ಅಂದರೆ ಕುದುರೆಶಕ್ತಿ ಏರಿದಷ್ಟೂ ಹೊರಗೆ ಹಾಕಬೇಕಾದ ಶಾಖ ಅದರ ಎರಡು ಪಟ್ಟು ಏರುತ್ತದೆ. ಅದನ್ನು ಹೊರಹಾಕಲು ಗಾಳಿ ಬೇಕು. ಗಾಳಿ ಒಳಗೆ ಬರಲು ಬಾಯಿ ಬೇಕು. ಬಾಯಿ ತೆರೆದರೆ ಎಳೆತ ಜಾಸ್ತಿಯಾಗಿ ವೇಗ ಕಡಿಮೆಯಾಗುತ್ತದೆ. ಈ ಸುಳಿಯಲ್ಲಿ ಸಿಕ್ಕಿಕೊಳ್ಳದ ಎಂಜಿನಿಯರ್ ಇಲ್ಲ.

ಬುಗಾಟಿ ವೇಯ್ರಾನ್ ಇದನ್ನು ಇನ್ನೊಂದು ದಾರಿಯಲ್ಲಿ ಬಿಡಿಸಿಕೊಂಡಿತು. 1999ರ ಟೋಕಿಯೊ ಶೋನಲ್ಲಿ ತೋರಿಸಿದ ಆಕಾರವನ್ನು ಅದು ಬಹುಮಟ್ಟಿಗೆ ಉಳಿಸಿಕೊಂಡಿತು. ಬೆಲೆಯನ್ನು ಸಮಯದಲ್ಲಿ ತೆತ್ತಿತು, ಕಾರು ಮಾರಾಟಕ್ಕೆ ಬಂದದ್ದು 2005ರಲ್ಲಿ. ಶೋನಲ್ಲಿ ಹೇಳಿದ 18 ಸಿಲಿಂಡರ್ ಎಂಜಿನ್ ಹೋಗಿ 8 ಲೀಟರಿನ 16 ಸಿಲಿಂಡರ್, ನಾಲ್ಕು ಟರ್ಬೊಗಳ (ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಪಂಪುಗಳ) ಎಂಜಿನ್ ಬಂತು. 1,001 ಕುದುರೆಶಕ್ತಿ, ಗಂಟೆಗೆ 400 ಕಿ.ಮೀ. ದಾಟುವ ವೇಗ. ತಣ್ಣಗಿಡಲು 10 ರೇಡಿಯೇಟರ್‌ಗಳು! ಹತ್ತನ್ನೂ ಹೊರಗೆ ಕಾಣದಂತೆ ಅಡಗಿಸಿದ್ದೇ ಆ ಕಾರಿನ ನಿಜವಾದ ಡಿಸೈನ್ ಸಾಹಸ ಅಂತ ನನಗೆ ಅನಿಸುತ್ತದೆ.

ಆಕಾರ ಉಳಿದು ಎಂಜಿನ್ ಬದಲಾದರೆ ಗಿರಾಕಿಗಳಿಗೆ ಇನ್ನೂ ಸಿಟ್ಟು. ಜಾಗ್ವಾರ್ ಎಕ್ಸ್‌ಜೆ220 ಇದಕ್ಕೆ ಸಾಕ್ಷಿ. 1988ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತೋರಿಸಿದಾಗ ವಿ12 ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಮೇಲಕ್ಕೆ ಏಳುವ ಬಾಗಿಲು ಇದ್ದವು. ಜನ 50,000 ಪೌಂಡ್ ಮುಂಗಡ ಕೊಟ್ಟು ಸಾಲು ನಿಂತರು. 1992ರಲ್ಲಿ ಬಂದ ಕಾರಿನಲ್ಲಿ 3.5 ಲೀಟರಿನ ವಿ6 ಟರ್ಬೊ, ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಮಾಮೂಲಿ ಬಾಗಿಲು. ಎಂಜಿನಿಯರ್‌ಗಳ ಕಡೆಯಿಂದ ನೋಡಿದರೆ ಇದು ಸರಿಯಾದ ತೀರ್ಮಾನ. ವಿ12 ಭಾರವಾಗಿತ್ತು, ಉದ್ದವಾಗಿತ್ತು, ಹೊಗೆಯ ನಿಯಮಕ್ಕೆ ಒಗ್ಗಿಸುವುದು ಕಷ್ಟವಾಗಿತ್ತು. ಹೊಸ ಎಂಜಿನ್ 542 ಕುದುರೆಶಕ್ತಿ ಕೊಡುತ್ತಿತ್ತು, ಅಂದರೆ ಶೋನಲ್ಲಿ ಹೇಳಿದ್ದಕ್ಕಿಂತ ಜಾಸ್ತಿಯೇ. ಗಂಟೆಗೆ 217 ಮೈಲಿ ಓಡಿ ಆ ಕಾಲದ ಅತಿ ವೇಗದ ಮಾರಾಟದ ಕಾರು ಅನಿಸಿಕೊಂಡಿತು. ಆದರೂ ಮುಂಗಡ ಕೊಟ್ಟ ಕೆಲವರು ಒಪ್ಪಲಿಲ್ಲ. ಅಷ್ಟರಲ್ಲಿ ಆರ್ಥಿಕ ಹಿಂಜರಿತವೂ ಬಂದಿತ್ತು, ಕಾರಿನಿಂದ ತಪ್ಪಿಸಿಕೊಳ್ಳಲು ಒಂದು ನೆಪ ಬೇಕಿತ್ತು ಅನ್ನುವವರೂ ಇದ್ದಾರೆ. ವಿಷಯ ಕೋರ್ಟಿನವರೆಗೂ ಹೋಯಿತು.

ಅದೇ ಕಂಪನಿ 2010ರಲ್ಲಿ ಪ್ಯಾರಿಸ್‌ನಲ್ಲಿ ಸಿ-ಎಕ್ಸ್75 ತೋರಿಸಿತು. ಎರಡು ಪುಟ್ಟ ಗ್ಯಾಸ್ ಟರ್ಬೈನ್‌ಗಳು ವಿದ್ಯುತ್ ತಯಾರಿಸುತ್ತವೆ, ನಾಲ್ಕು ಮೋಟಾರುಗಳು ಚಕ್ರ ತಿರುಗಿಸುತ್ತವೆ ಎಂಬ ಯೋಚನೆ. ಮಾರಾಟಕ್ಕೆ ಸಿದ್ಧಪಡಿಸುವಾಗ ಟರ್ಬೈನ್ ಹೋಗಿ 1.6 ಲೀಟರಿನ ಪೆಟ್ರೋಲ್ ಎಂಜಿನ್ ಬಂತು. 2012ರ ಕೊನೆಗೆ ಯೋಜನೆಯೇ ರದ್ದಾಯಿತು.

ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹಠ ಹಿಡಿದರೆ ಏನಾಗುತ್ತದೆ? ಮರ್ಸಿಡಿಸ್ 2017ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಎಎಂಜಿ ಪ್ರಾಜೆಕ್ಟ್ ಒನ್ ತೋರಿಸಿ, ಫಾರ್ಮುಲಾ 1 ಕಾರಿನ 1.6 ಲೀಟರ್ ಎಂಜಿನ್ನನ್ನೇ ರಸ್ತೆಗೆ ತರುತ್ತೇವೆ ಎಂದಿತು. ರೇಸ್ ಎಂಜಿನ್‌ಗೆ ರಸ್ತೆಯ ನಡವಳಿಕೆ ಗೊತ್ತಿಲ್ಲ. ಚಾಲೂ ಮಾಡುವ ಮುಂಚೆ ಹೊರಗಿನಿಂದಲೇ ಅದನ್ನು ಬೆಚ್ಚಗೆ ಮಾಡಬೇಕು. ಸುಮ್ನೆ ನಿಂತಿರುವಾಗಲೂ ಅದು ನಿಮಿಷಕ್ಕೆ 5,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರಬೇಕು. ಸಿಗ್ನಲ್‌ನಲ್ಲಿ ನಿಂತ ಕಾರು ಹಾಗೆ ಕಿರುಚಿದರೆ ಹೊಗೆಯ ನಿಯಮ, ಸದ್ದಿನ ನಿಯಮ ಎರಡೂ ಮುರಿಯುತ್ತವೆ. ಅದನ್ನು 1,200 ಸುತ್ತಿನ ಹತ್ತಿರಕ್ಕೆ ಇಳಿಸಿ, ನಡುಗದೆ ನಿಲ್ಲುವಂತೆ ಮಾಡುವುದರಲ್ಲೇ ವರ್ಷಗಳು ಕಳೆದವು. ಕಾರು ಮೊದಲು ಬ್ಯಾಟರಿಯಲ್ಲೇ ಹೊರಡುತ್ತದೆ, ಹೊಗೆ ಶುದ್ಧಿ ಮಾಡುವ ಭಾಗ ಬಿಸಿಯಾದ ಮೇಲೆ ಎಂಜಿನ್ ಶುರುವಾಗುತ್ತದೆ. ತಯಾರಿಕೆ ಆರಂಭವಾದದ್ದು 2022ರಲ್ಲಿ, 275 ಕಾರುಗಳಿಗೆ ಮಾತ್ರ. ಇದನ್ನು ಗೆಲುವು ಅನ್ನಬೇಕೋ ಬೇಡವೋ, ಗೊಂದಲವೇ.

ಎಲೆಕ್ಟ್ರಿಕ್ ಬಂದ ಮೇಲೆ ಡಿಸೈನರ್‌ಗಳಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು ಅಂತ ಕೆಲವರು ಹೇಳುತ್ತಾರೆ. ಅರ್ಧ ನಿಜ. ಮುಂದೆ ದೊಡ್ಡ ಎಂಜಿನ್ ಇಲ್ಲ, ಆದರೆ ನೆಲದಡಿ ದಪ್ಪನೆಯ ಬ್ಯಾಟರಿ ಇದೆ. ಅದರ ಮೇಲೆ ಜನ ಕೂರಬೇಕು, ಆಗ ಚಾವಣಿ ಎತ್ತರವಾಗುತ್ತದೆ. ಸ್ಪೋರ್ಟ್ಸ್ ಕಾರಿಗೆ ಎತ್ತರ ಅಂದರೆ ಶನಿ. ಪೋರ್ಷೆ 2015ರಲ್ಲಿ ತೋರಿಸಿದ ಮಿಷನ್ ಇ 1.30 ಮೀಟರ್ ಎತ್ತರವಿತ್ತು. ಅದರಿಂದ ಹುಟ್ಟಿ 2019ರಲ್ಲಿ ಬಂದ ಟೈಕಾನ್ ಸುಮಾರು 1.38 ಮೀಟರ್. ಅಷ್ಟಕ್ಕೇ ನಿಲ್ಲಿಸಲು ಹಿಂದೆ ಕೂತವರ ಪಾದಕ್ಕೆಂದೇ ಬ್ಯಾಟರಿಯಲ್ಲಿ ಗುಳಿ ಬಿಡಬೇಕಾಯಿತು. ಶೋ ಕಾರಿನಲ್ಲಿ ಹಿಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತಿತ್ತು, ನಡುವೆ ಕಂಬವೇ ಇರಲಿಲ್ಲ. ಪಕ್ಕದಿಂದ ಡಿಕ್ಕಿಯಾದರೆ ತಡೆಯಲು, ಚಾವಣಿ ಹಿಡಿದಿಡಲು ಆ ಕಂಬ ಬೇಕು, ಹಾಗಾಗಿ ಅದು ವಾಪಸ್ ಬಂತು. ಕನ್ನಡಿಯ ಬದಲು ಇದ್ದ ಕ್ಯಾಮೆರಾ ಹೋಯಿತು. ಜಪಾನ್, ಯುರೋಪಿನಲ್ಲಿ ಕ್ಯಾಮೆರಾಗೆ ಒಪ್ಪಿಗೆ ಇದೆ, ಅಮೆರಿಕದ ನಿಯಮ ಕನ್ನಡಿಯೇ ಬೇಕು ಎನ್ನುತ್ತದೆ. ಇಷ್ಟೆಲ್ಲ ಬದಲಾದರೂ, ಬ್ಯಾಟರಿ ಬೇಗ ಚಾರ್ಜ್ ಆಗಲು ಅನುಕೂಲವಾಗುವ 800 ವೋಲ್ಟ್ ವಿದ್ಯುತ್ ವ್ಯವಸ್ಥೆ ಹಾಗೇ ಬಂತು. ಶೋನಲ್ಲಿ ಪೋರ್ಷೆ ನಿಜವಾಗಿ ಹೇಳಬೇಕಿದ್ದ ಮಾತು ಅದೇ ಆಗಿತ್ತು, ಬಾಗಿಲಲ್ಲ.

ಇನ್ನು ಕೆಲವು ಕಾನ್ಸೆಪ್ಟ್‌ಗಳ ಮೇಲೆ ಈ ಪ್ರಶ್ನೆ ಹಾಕುವುದೇ ಅನ್ಯಾಯ. 1958ರ ಫೋರ್ಡ್ ನ್ಯೂಕ್ಲಿಯಾನ್ ಹಿಂಬದಿಯಲ್ಲಿ ಅಣು ರಿಯಾಕ್ಟರ್ ಇಟ್ಟುಕೊಂಡು ಓಡಬೇಕಿತ್ತು, ತಯಾರಾದದ್ದು ಸಣ್ಣ ಮಾದರಿ ಮಾತ್ರ. ಗ್ರ್ಯಾನ್ ಟುರಿಸ್ಮೊ ವಿಡಿಯೊ ಗೇಮ್‌ಗಾಗಿ 2014ರಲ್ಲಿ ಷೆವರ್ಲೆ ಮಾಡಿದ ಚಾಪರಾಲ್ 2ಎಕ್ಸ್‌ನಲ್ಲಿ ಚಾಲಕ ಬೋರಲು ಮಲಗಿ, ಲೇಸರ್ ಶಕ್ತಿಯಿಂದ ಓಡಿಸಬೇಕು. ಗೇಮ್‌ನಲ್ಲಿ ರೇಡಿಯೇಟರ್ ಕುದಿಯೋದಿಲ್ಲ.

ಆಕಾರ ಸತ್ತು ಯೋಚನೆ ಬದುಕಿದ ಕಥೆಗಳೇ ನನಗೆ ಇಷ್ಟ. 1970ರ ಸ್ಟ್ರಾಟೋಸ್ ಜೀರೊ ಬರೀ 84 ಸೆಂ.ಮೀ. ಎತ್ತರವಿತ್ತು, ಮುಂದಿನ ಗಾಜನ್ನೇ ಎತ್ತಿ ಒಳಗೆ ಇಳಿಯಬೇಕಿತ್ತು. ಅದನ್ನು ಮಾಡಿದ ಬೆರ್ಟೋನೆ ಸಂಸ್ಥೆಯ ಮುಖ್ಯಸ್ಥ ನುಚ್ಚಿಯೊ ಬೆರ್ಟೋನೆ ಅದನ್ನು ಕಾರು ಕಂಪನಿ ಲಾನ್ಸಿಯಾದ ಕಚೇರಿಗೆ ತಾವೇ ಓಡಿಸಿಕೊಂಡು ಹೋಗಿ, ಗೇಟಿನ ಅಡ್ಡಕಂಬ ಎತ್ತುವುದಕ್ಕೂ ಕಾಯದೆ ಅದರ ಕೆಳಗೇ ನುಸುಳಿದರು ಎಂಬ ಕಥೆ ಪ್ರಸಿದ್ಧ. ಅದರ ಬೆನ್ನಿಗೇ ಬಂದ ಸ್ಟ್ರಾಟೋಸ್ ಎಚ್‌ಎಫ್ ನೋಡಲು ಪೂರ್ತಿ ಬೇರೆ ಕಾರು. ಆದರೆ ನಡುವೆ ಎಂಜಿನ್, ಮೊಟಕು ದೇಹ ಎಂಬ ಮೂಲ ಯೋಚನೆ ಅದೇ. 1974ರಿಂದ 1976ರವರೆಗೆ ಸತತ ಮೂರು ವರ್ಷ ವಿಶ್ವ ರ‍್ಯಾಲಿ ಪಟ್ಟ ಲಾನ್ಸಿಯಾಗೆ ಬಂತು. ಈಚಿನದು ಬೇಕೆಂದರೆ ಲ್ಯಾಂಬೋರ್ಗಿನಿಯ 2017ರ ಟೆರ್ಜೊ ಮಿಲೆನಿಯೊ. ಬ್ಯಾಟರಿ ಬದಲು ಸೂಪರ್‌ಕೆಪಾಸಿಟರ್ (ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ), ಪ್ರತಿ ಚಕ್ರದೊಳಗೆ ಒಂದು ಮೋಟಾರ್. ಚಕ್ರದ ಮೋಟಾರ್ ಬರಲಿಲ್ಲ, ಅದು ಚಕ್ರದ ಭಾರ ಹೆಚ್ಚಿಸಿ ಸಸ್ಪೆನ್ಷನ್ ಕೆಲಸ ಕೆಡಿಸುತ್ತದೆ. ಸೂಪರ್‌ಕೆಪಾಸಿಟರ್ ಎರಡೇ ವರ್ಷದಲ್ಲಿ ಸಿಯಾನ್ ಕಾರಿನಲ್ಲಿ ಬಂತು, ವಿ12 ಎಂಜಿನ್‌ಗೆ ಜೊತೆಗಾರನಾಗಿ.

ಹಾಗಾದರೆ ಯಾವ ಕಾನ್ಸೆಪ್ಟ್ ನಿಜವಾಗಿ ಬರುತ್ತದೆ ಎಂದು ಮೊದಲೇ ಗುರುತಿಸಬಹುದಾ? ಸುಮಾರಾಗಿ ಆಗುತ್ತದೆ. ಫೋಟೊದಲ್ಲಿ ಟೈರ್ ಮತ್ತು ಕಮಾನಿನ ನಡುವೆ ಕೈ ತೂರುವಷ್ಟು ಜಾಗ ಇದೆಯಾ ನೋಡಿ. ಕಿಟಕಿ ಗಾಜು ಬಾಗಿಲೊಳಗೆ ಇಳಿಯಲು ಜಾಗ ಇದೆಯಾ ನೋಡಿ. ಗಾಳಿ ಒಳಗೆ ಹೋಗುವ ಬಾಯಿ ಎಲ್ಲರೂ ತೋರಿಸುತ್ತಾರೆ, ಬಿಸಿ ಗಾಳಿ ಹೊರಗೆ ಬರುವ ದಾರಿ ಹುಡುಕಿ. ಅದು ಕಾಣದಿದ್ದರೆ ಹಿಂಬದಿ ಖಂಡಿತ ಬದಲಾಗುತ್ತದೆ. ಇದೆಲ್ಲಕ್ಕಿಂತ ಭರವಸೆಯ ಗುರುತು ಕಾರಿನ ಮೇಲಿಲ್ಲ, ಕಂಪನಿ ದುಡ್ಡು ಎಲ್ಲಿ ಹಾಕುತ್ತಿದೆ ಅನ್ನೋದರಲ್ಲಿದೆ. ಪೋರ್ಷೆ ಮಿಷನ್ ಇ ತೋರಿಸಿದ್ದು ಸೆಪ್ಟೆಂಬರ್ 2015ರಲ್ಲಿ. ಅದೇ ಡಿಸೆಂಬರ್‌ನಲ್ಲಿ ಮೇಲ್ವಿಚಾರಣಾ ಮಂಡಳಿ ತಯಾರಿಕೆಗೆ ಒಪ್ಪಿಗೆ ಕೊಟ್ಟಿತು, ಜರ್ಮನಿಯ ತ್ಸುಫನ್‌ಹೌಸನ್ ಕಾರ್ಖಾನೆಗೆ ಸುಮಾರು 70 ಕೋಟಿ ಯೂರೋ ಹಾಕುವುದಾಗಿ ಕಂಪನಿ ಪ್ರಕಟಿಸಿತು. ಅಂಥ ಸುದ್ದಿ ಬರುವವರೆಗೆ ಶೋ ಫೋಟೊಗಳನ್ನು ನೋಡಿ ಖುಷಿಪಡಿ, ಮುಂಗಡ ಮಾತ್ರ ಕೊಡಬೇಡಿ.