ಅಯೋವಾದ ಬರಹಗಾರರ ಕಾರ್ಯಕ್ರಮ ಮತ್ತು ಅದರ ದುಡ್ಡಿನ ಕಥೆ

2025ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶದ ಬರಹಗಾರರನ್ನು ಕರೆಸಿಕೊಳ್ಳುವ, ಅಯೋವಾ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂಗೆ ಕೊಡುತ್ತಿದ್ದ ಅನುದಾನ ನಿಲ್ಲಿಸಿತು. ಸುಮಾರು 10 ಲಕ್ಷ ಡಾಲರ್. ಕಾರ್ಯಕ್ರಮ ಮುಚ್ಚಲಿಲ್ಲ, ಸೊರಗಿತು. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಯೋವಾದಲ್ಲಿ ಬರವಣಿಗೆ ಕಲಿಸುವ ವರ್ಕ್‌ಶಾಪ್ 1936ರಿಂದಲೇ ಇತ್ತು. ಅದನ್ನು ಎರಡು ದಶಕಕ್ಕೂ ಜಾಸ್ತಿ ನಡೆಸಿದ ಕವಿ ಪಾಲ್ ಎಂಗಲ್, ಚೀನಾ ಮೂಲದ ಲೇಖಕಿ ನಿಯೆ ಹುವಾಲಿಂಗ್ ಜೊತೆ ಸೇರಿ 1967ರಲ್ಲಿ ಹೊರದೇಶದ ಬರಹಗಾರರಿಗಾಗಿಯೇ ಈ ಕಾರ್ಯಕ್ರಮ ಶುರುಮಾಡಿದರು. ಪರೀಕ್ಷೆ ಇಲ್ಲ, ಪದವಿ ಇಲ್ಲ. ಕೆಲವು ತಿಂಗಳು ಇದ್ದು ಬರೆಯಬೇಕು, ಮಾತಾಡಬೇಕು, ಅಷ್ಟೇ.

ದುಡ್ಡಿಗಾಗಿ ಎಂಗಲ್ ಕಂಪನಿಗಳ, ಪ್ರತಿಷ್ಠಾನಗಳ ಬಾಗಿಲು ತಟ್ಟಿದರು. ಶೀತಲ ಸಮರದ ಕಾಲ ಅದು. ಹಣ ಕೊಟ್ಟವರಲ್ಲಿ ಒಂದಾದ ಫಾರ್‌ಫೀಲ್ಡ್ ಫೌಂಡೇಷನ್ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇದ್ದದ್ದು ಬಯಲಾಯಿತು. ಹಾಗಂತ ಇಡೀ ಕಾರ್ಯಕ್ರಮವನ್ನು ಸುಮ್ನೆ ಪ್ರಚಾರ ಎಂದು ತಳ್ಳಿಹಾಕಲಾಗದು.

1979ರ ಜನವರಿಯಲ್ಲಿ ಅಮೆರಿಕ, ಚೀನಾ ರಾಜತಾಂತ್ರಿಕ ಸಂಬಂಧ ಬೆಳೆಸಿದವು. ಅದೇ ವರ್ಷ ಚೀನಾದಿಂದ ಲೇಖಕ ಶಿಯಾವೊ ಚಿಯಾನ್ ಅಯೋವಾಕ್ಕೆ ಬಂದರು. 1957ರಲ್ಲಿ ಕಮ್ಯುನಿಸ್ಟ್ ಆಡಳಿತ ಅಂಟಿಸಿದ ‘ಬಲಪಂಥೀಯ’ ಎಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಸೊಲ್ಲೆತ್ತದೆ ಇದ್ದವರು ಅವರು. 1949ರಲ್ಲಿ ಎರಡೂ ಕಡೆ ಬೇರೆಯಾದ ಮೇಲೆ 30 ವರ್ಷ ಒಬ್ಬರಿಗೊಬ್ಬರು ಸಿಗದೇ ಇದ್ದ ಚೀನಾ, ತೈವಾನ್ ಕಡೆಯ ಬರಹಗಾರರು ಅಲ್ಲಿ ಎದುರುಬದುರು ಕೂತರು. 1983ರಲ್ಲಿ ಶಾಂಘೈನ ಯುವ ಲೇಖಕಿ ವಾಂಗ್ ಆನ್ಯಿ ತಾಯಿಯ ಜೊತೆ ಬಂದಾಗ, ತೈವಾನ್‌ನಲ್ಲಿ ಜೈಲು ಕಂಡಿದ್ದ ಲೇಖಕ ಚೆನ್ ಯಿಂಗ್‌ಚೆನ್ ಕೂಡ ಅಲ್ಲಿದ್ದರು. ಯಾವ ರಾಯಭಾರ ಕಚೇರಿ ಇಂಥ ಭೇಟಿ ಮಾಡಿಸುತ್ತಿತ್ತು?

ನಮ್ಮ ಎಚ್.ಎಸ್. ಶಿವಪ್ರಕಾಶ್ 2000ದಲ್ಲಿ, ವಿವೇಕ ಶಾನಭಾಗ 2016ರಲ್ಲಿ ಅಲ್ಲಿದ್ದರು.

ಈ ನಡುವೆ ವಿದೇಶಾಂಗ ಇಲಾಖೆಯೇ ದೊಡ್ಡ ದಾನಿಯಾಯಿತು. ಪ್ರತಿ ವರ್ಷ ಹಣ ಬರುತ್ತಿದ್ದಾಗ ಬೇರೆ ನಿಧಿ ಕಟ್ಟುವ ತುರ್ತು ಯಾರಿಗೂ ಕಾಣುವುದಿಲ್ಲ, ಅಲ್ವಾ? ನನ್ನ ಮಟ್ಟಿಗೆ ತೊಡಕು ಬೆಳೆದದ್ದು ಅಲ್ಲೇ. ಅನುದಾನ ನಿಂತಾಗ ಹದಿಹರೆಯದವರ ಬೇಸಿಗೆ ಶಿಬಿರ, ಆನ್‌ಲೈನ್ ತರಗತಿಗಳು ರದ್ದಾದವು. ಬರಹಗಾರರು ಬಂದು ತಂಗುವ ಶರತ್ಕಾಲದ ವಾಸ ಮಾತ್ರ ಚಿಕ್ಕದಾಗಿ ಉಳಿಯಿತು. ಅದಕ್ಕೆ ಖಾಸಗಿ ದಾನ, ಬೇರೆ ಸಂಸ್ಥೆಗಳ ನೆರವು ಇದೆ. ಸರ್ಕಾರವೋ ಪ್ರತಿಷ್ಠಾನವೋ ಖರ್ಚು ಹೊರುವ ದೇಶದ ಲೇಖಕರು ಇನ್ನೂ ಬರಬಹುದು. ಅಂಥ ಆಸರೆ ಇಲ್ಲದ ಭಾಷೆಯ ಕವಿಯ ವಿಮಾನದ ಟಿಕೆಟ್‌ಗೆ ಈಗ ಹೊಸ ದಾನಿ ಬೇಕು.